ಓದುಗರ ಪ್ರಶ್ನೆ: ಜೋಡಿ ಎಂಜಿನ್‌ನ ಹಳೆಯ ಯಾಟ್ ಕೊಳ್ಳಬಹುದೇ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಶರಾವತಿ ಹಿನ್ನೀರಿಗೆ ಸಮೀಪದಲ್ಲೇ ಒಂದು ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಗೋವಾದಲ್ಲಿ 2012ರಲ್ಲಿ ತಯಾರಾದ, 38 ಅಡಿ ಉದ್ದದ ಮೋಟಾರ್ ಯಾಟ್ (ವಿಹಾರ ನೌಕೆ) ಒಂದು ಮಾರಾಟಕ್ಕಿದೆ. ತಲಾ 300 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳು, ಎರಡು ಮಲಗುವ ಕೋಣೆಗಳು, ಚಿಕ್ಕ ಅಡುಗೆಮನೆ, ಮೇಲೆ ಕುಳಿತು ನಡೆಸಲು ಇನ್ನೊಂದು ಅಂತಸ್ತು ಇವೆ. 95 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ‘ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ಇದೆಯಲ್ಲ, ಹೆದರಿಕೆ ಏಕೆ’ ಎಂಬುದು ನನ್ನ ತಮ್ಮನ ವಾದ. ಸಿಗಂದೂರು ಸೇತುವೆಯಾದ ಮೇಲೆ ನಮ್ಮ ಕಡೆ ಬರುವವರು ಹೆಚ್ಚಿದ್ದಾರೆ; ಅತಿಥಿಗಳನ್ನು ಹಿನ್ನೀರಿನಲ್ಲಿ ಸುತ್ತಾಡಿಸಬಹುದು, ಮನೆಯವರೂ ಬಳಸಬಹುದು ಎಂಬ ಆಲೋಚನೆ ನಮ್ಮದು. ಕೊಳ್ಳಬಹುದೇ? ಕೊಳ್ಳುವ ಮೊದಲು ಏನೇನು ನೋಡಬೇಕು?
— ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರು, ಸಾಗರ ತಾಲ್ಲೂಕು

ಉತ್ತರ: ತಾವು ಎಂಜಿನ್, ಕೋಣೆ, ಬೆಲೆ ಎಲ್ಲವನ್ನೂ ಬರೆದಿದ್ದೀರಿ, ಯಾಟಿನ ತಳ ನೀರಿನೊಳಗೆ ಎಷ್ಟು ಅಡಿ ಇಳಿದಿರುತ್ತದೆ ಎಂಬುದನ್ನು ಬರೆದಿಲ್ಲ. ಸಮುದ್ರದಲ್ಲಿ ಓಡಾಡಿಸುವವರಿಗೆ ಅದು ಎರಡನೆಯ ಪ್ರಶ್ನೆ, ತಮಗೆ ಮಾತ್ರ ಮೊದಲನೆಯದು. ಈ ಅಳತೆಯ, ಎಂಜಿನ್ ಒಳಗಿದ್ದು ಶಾಫ್ಟಿನ ತುದಿಗೆ ಪ್ರೊಪೆಲ್ಲರ್ ಇರುವ ಯಾಟುಗಳಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಡಿ ಆಳ ಬೇಕಾಗುತ್ತದೆ. ಒಂಟಿ ಎಂಜಿನ್‌ನ ಎಷ್ಟೋ ದೋಣಿಗಳಲ್ಲಿ ಪ್ರೊಪೆಲ್ಲರು ತಳದ ನಡುವೆ ಉದ್ದಕ್ಕೂ ಉಬ್ಬಿರುವ ದಿಂಡಿನ (ಕೀಲ್) ಹಿಂದೆ ಅಡಗಿರುತ್ತದೆ; ನೆಲ ತಾಗಿದರೂ ಮೊದಲ ಪೆಟ್ಟು ಆ ದಿಂಡಿಗೆ. ಜೋಡಿ ಎಂಜಿನ್‌ನಲ್ಲಿ ಎರಡು ಶಾಫ್ಟುಗಳು, ಎರಡು ಪ್ರೊಪೆಲ್ಲರುಗಳು, ಎರಡು ಚುಕ್ಕಾಣಿಗಳು ಎಡಬಲಕ್ಕೆ ಸರಿದು ಯಾವ ಮರೆಯೂ ಇಲ್ಲದೆ ಇಳಿಬಿದ್ದಿರುತ್ತವೆ.

ಇನ್ನು ತಮ್ಮ ಮನೆಯ ಮುಂದಿನ ನೀರನ್ನು ನೆನಪಿಸಿಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ್ದು ಊರು ಮತ್ತು ಗದ್ದೆಗಳಷ್ಟೇ ಅಲ್ಲ, ಕಾಡೂ ಮುಳುಗಿತು. ಆ ಮರಗಳ ಬೊಡ್ಡೆಗಳು ಆರು ದಶಕಗಳಾದರೂ ಪೂರ್ತಿ ಕೊಳೆಯದೆ ನಿಂತಿರುವುದನ್ನು ಹೊನ್ನೆಮರಡುವಿನ ಕಡೆ ಬೇಸಿಗೆಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಜಲಾಶಯ 1819 ಅಡಿಗಳ ಪೂರ್ಣ ಮಟ್ಟದಲ್ಲಿರುವಾಗ ಅವು ಆಳದಲ್ಲಿರುತ್ತವೆ, ಏಪ್ರಿಲ್–ಮೇ ತಿಂಗಳುಗಳಲ್ಲಿ ನೀರಿನಿಂದ ಹೊರಗೇ ಇರುತ್ತವೆ. ಈ ಎರಡು ಕಾಲಗಳ ನಡುವೆ, ನೀರಿನ ಮೇಲ್ಮೈಗೆ ಎರಡು ಮೂರು ಅಡಿ ಕೆಳಗೆ, ಅವು ಯಾರ ಕಣ್ಣಿಗೂ ಬೀಳದೆ ಇರುವ ವಾರಗಳೇ ಅಪಾಯದ ವಾರಗಳು. ಬಗ್ಗಿದ ಒಂದು ಬ್ಲೇಡನ್ನು ನೆಟ್ಟಗೆ ಮಾಡಿಸಬಹುದು. ಆದರೆ ವೇಗದಲ್ಲಿರುವಾಗ ಬೊಡ್ಡೆ ತಾಗಿದರೆ ಶಾಫ್ಟು ಬಾಗಿ, ಅದನ್ನು ಹಿಡಿದಿರುವ ಬ್ರ್ಯಾಕೆಟ್ ತಳದಿಂದ ಕಿತ್ತು, ಅಲ್ಲಿಂದಲೇ ನೀರು ಒಳಗೆ ಬರುವ ಸಂಭವವಿದೆ. ಹಸಿರುಮಕ್ಕಿ ಕಡವಿನ ಲಾಂಚ್ ಬೇಸಿಗೆಯಲ್ಲಿ ನೀರಿಲ್ಲದೆ ನಿಂತ ವರ್ಷಗಳು ತಮಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಚಪ್ಪಟೆ ತಳದ ಲಾಂಚೇ ನಿಲ್ಲುವ ನೀರಿನಲ್ಲಿ ಈ ಯಾಟಿನ ಗತಿ ಏನೆಂಬುದನ್ನು ತಾವೇ ಊಹಿಸಬಹುದು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟೇ ತಲೆ ಎತ್ತುವುದನ್ನು ನೋಡಲು ನಾವೆಲ್ಲ ಹೋಗುತ್ತೇವಲ್ಲ, ಅದೂ ಈ ನೀರಿನ ತಳದ ಒಂದು ಭಾಗವೇ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಯಾಟ್ ಎಷ್ಟೇ ಚೆನ್ನಾಗಿರಲಿ, ಶರಾವತಿ ಹಿನ್ನೀರಿಗಾಗಿ ಇದನ್ನು ಕೊಳ್ಳಬೇಡಿ. ಕಾರವಾರದಲ್ಲೋ ಗೋವಾದಲ್ಲೋ ಇಟ್ಟುಕೊಂಡು ಕಡಲಿನಲ್ಲಿ ಬಳಸುವುದಾದರೆ ಪರಿಶೀಲಿಸಬಹುದು. ಮಲೆನಾಡಿನವರು ಯಾಟ್ ಕೊಳ್ಳುವುದೇ ಎಂದು ನಗುವವರಿದ್ದಾರೆ; ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಊರಿಗೆ ಮರಳಿ ಅಡಿಕೆ ತೋಟದಲ್ಲಿ ಕುಳಿತಿರುವ ನಾನು ನಗಲಾರೆ.

ತಮ್ಮ ಸಹೋದರರ ವಾದದಲ್ಲಿ ಅರ್ಧ ಸತ್ಯವಿದೆ. ನಮ್ಮ ತೋಟದ ಹಳ್ಳದ ದಡದಲ್ಲಿ ಒಮ್ಮೆ ಎರಡು ಡೀಸೆಲ್ ಪಂಪ್‌ಸೆಟ್‌ಗಳನ್ನು ಇಟ್ಟಿದ್ದೆವು, ಒಂದು ನಿಂತರೆ ಇನ್ನೊಂದು ಇರಲಿ ಎಂದು. ಮಾರ್ಚಿನ ಒಂದು ಬೆಳಿಗ್ಗೆ ಎರಡೂ ಹತ್ತು ನಿಮಿಷಗಳ ಅಂತರದಲ್ಲಿ ಕೆಮ್ಮಿ ನಿಂತವು. ಎರಡಕ್ಕೂ ಡೀಸೆಲ್ ಸುರಿದದ್ದು ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿದ್ದ ಒಂದೇ ಡ್ರಮ್ಮಿನಿಂದ; ಅದರ ತಳವನ್ನು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿದರೆ ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್, ನಡುವೆ ಕಂದು ಲೋಳೆಯ ಒಂದು ಪದರ. ಆ ಲೋಳೆ ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು, ಫಿಲ್ಟರನ್ನು ಕಟ್ಟುವುದೇ ಅದು. ಯಾಟಿನಲ್ಲೂ ಹೀಗೆಯೇ ಆಗುತ್ತದೆ. ಎರಡು ಎಂಜಿನ್‌ಗಳಿಗೂ ಒಂದೇ ಟ್ಯಾಂಕ್ ಇದ್ದರೆ, ಅಥವಾ ಎರಡು ಟ್ಯಾಂಕ್‌ಗಳಿದ್ದೂ ಅಡ್ಡ ಕೊಳವೆಯ ವಾಲ್ವ್ ಸದಾ ತೆರೆದಿದ್ದರೆ, ಎರಡನೆಯ ಎಂಜಿನ್ ಹೆಸರಿಗಷ್ಟೇ ಎರಡನೆಯದು. ಆದ್ದರಿಂದ ಪ್ರತಿ ಎಂಜಿನ್‌ಗೆ ಪ್ರತ್ಯೇಕ ಟ್ಯಾಂಕ್, ನೀರು ಬೇರ್ಪಡಿಸುವ ಪ್ರತ್ಯೇಕ ಫಿಲ್ಟರ್, ಸ್ಟಾರ್ಟ್ ಮಾಡಲು ಪ್ರತ್ಯೇಕ ಬ್ಯಾಟರಿ ಇವೆಯೇ ಎಂದು ಮೊದಲು ನೋಡಿ, ಟ್ಯಾಂಕುಗಳ ತಳದಿಂದ ಒಂದು ಬಾಟಲಿ ಬಸಿಸಿ ಬೆಳಕಿಗೆ ಹಿಡಿಯಿರಿ.

ಜೋಡಿ ಎಂಜಿನ್‌ನ ನಿಜವಾದ ಲಾಭ ದಕ್ಕೆಯ ಬಳಿ ಸಿಗುತ್ತದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹಾಕಿದರೆ 38 ಅಡಿಯ ಯಾಟ್ ನಿಂತಲ್ಲೇ ತಿರುಗುತ್ತದೆ. ಗಾಳಿ ಒತ್ತುತ್ತಿರುವಾಗ ಇಕ್ಕಟ್ಟಿನಲ್ಲಿ ಕಟ್ಟಬೇಕಾದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಕಡಲಿನಲ್ಲಿ ಒಂದು ನಿಂತಾಗ ಇನ್ನೊಂದರಿಂದ ನಿಧಾನವಾಗಿ ದಡ ಸೇರಬಹುದೆಂಬುದೂ ನಿಜವೇ. ಆದರೆ ಆಗ ನಿಂತ ಎಂಜಿನ್‌ನ ಪ್ರೊಪೆಲ್ಲರ್ ನೀರಿನ ರಭಸಕ್ಕೆ ತಾನಾಗಿ ತಿರುಗುತ್ತಿರುತ್ತದೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎಂಜಿನ್ ಓಡದೆ ಎಣ್ಣೆ ಹರಿಯುವುದಿಲ್ಲವಾದ್ದರಿಂದ ಬಹಳ ಹೊತ್ತು ಹೀಗೆ ತಿರುಗಿದರೆ ಗೇರ್‌ಬಾಕ್ಸೂ ಸುಟ್ಟುಹೋಗುತ್ತದೆ. ಈ ಯಾಟಿನ ಗೇರ್‌ಬಾಕ್ಸ್ ಯಾವ ಜಾತಿಯದೆಂದು ಅದರ ಕೈಪಿಡಿಯಲ್ಲಿ ನೋಡಬೇಕು.

ಖರ್ಚಿನ ಮಾತಿಗೆ ಬರೋಣ. ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸರಿಸುಮಾರು 0.2 ಲೀಟರ್ ಇಂಧನ ಉರಿಸುತ್ತದೆ. ಎರಡೂ ಎಂಜಿನ್‌ಗಳು ತಲಾ 200 ಅಶ್ವಶಕ್ತಿಯಷ್ಟು ದುಡಿಯುತ್ತಿವೆ ಎಂದುಕೊಂಡರೆ ಗಂಟೆಗೆ 80 ಲೀಟರ್. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ 7,200 ರೂಪಾಯಿ. ಗಂಟೆಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್ ವೇಗಕ್ಕೆ ಇಳಿಸಿದರೆ ಎರಡಕ್ಕೂ ಸೇರಿ ಹತ್ತು ಹದಿನೈದು ಲೀಟರಿನಲ್ಲಿ ಮುಗಿಯಬಹುದು. ಬೊಡ್ಡೆಗಳಿರುವ ಹಿನ್ನೀರಿನಲ್ಲಿ ತಾವು ಓಡಿಸಬಹುದಾದ ವೇಗವೂ ಅಷ್ಟೇ. ಹಾಗಿದ್ದ ಮೇಲೆ 600 ಅಶ್ವಶಕ್ತಿಗೆ ಹಣ ಕೊಟ್ಟು, ಎರಡು ಎಂಜಿನ್‌ಗಳ ಎಣ್ಣೆ, ಫಿಲ್ಟರ್, ಇಂಜೆಕ್ಟರ್‌ಗಳನ್ನು ವರ್ಷವರ್ಷವೂ ನೋಡಿಕೊಂಡು, ಅವುಗಳ ಕಾಲು ಭಾಗವನ್ನೂ ಬಳಸದಿರುವುದರಲ್ಲಿ ಅರ್ಥವಿಲ್ಲ. ಸದಾ ಹಗುರ ಹೊರೆಯಲ್ಲಿ ಓಡುವ ದೊಡ್ಡ ಡೀಸೆಲ್ ಎಂಜಿನ್ ಒಳಗೊಳಗೇ ಮಸಿ ಕಟ್ಟಿಕೊಳ್ಳುತ್ತದೆ ಎಂಬುದು ಬೇರೆ. ನಿರ್ವಹಣೆಗೆ ವರ್ಷಕ್ಕೆ ದೋಣಿಯ ಬೆಲೆಯ ಹತ್ತನೇ ಒಂದು ಭಾಗ ಎಂಬ ವಾಡಿಕೆಯ ಲೆಕ್ಕವೊಂದಿದೆ. ಹಳೆಯ ಯಾಟಿನ ವಿಷಯದಲ್ಲಿ ಅದನ್ನು ತಾವು ಕೊಟ್ಟ ಬೆಲೆಗಲ್ಲ, ಅಂಥದೇ ಹೊಸ ಯಾಟಿನ ಬೆಲೆಗೆ ಕಟ್ಟಬೇಕು, ಏಕೆಂದರೆ ಬಿಡಿಭಾಗಗಳನ್ನು ಯಾರೂ ಹಳೆಯ ದರದಲ್ಲಿ ಮಾರುವುದಿಲ್ಲ. ಹೊಸ ವಿಹಾರ ಯಾಟುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 40ಕ್ಕೆ ಏರಿರುವುದರಿಂದ ಹಳೆಯವನ್ನು ಮಾರುವವರ ಧೈರ್ಯವೂ ಏರಿದೆ. ಚೌಕಾಸಿ ಮಾಡುವಾಗ ಆ ಮಾತು ಬಂದೇ ಬರುತ್ತದೆ.

ಗೋವಾದಿಂದ ಇದನ್ನು ಸಾಗರಕ್ಕೆ ತರುವುದು ಹೇಗೆಂದು ಆಲೋಚಿಸಿದ್ದೀರಾ? ಈ ಉದ್ದದ ಯಾಟಿನ ಅಗಲ ಹನ್ನೆರಡು ಹದಿಮೂರು ಅಡಿ ಇರುತ್ತದೆ. ರಸ್ತೆಯ ಮೇಲೆ ವಾಹನಕ್ಕೆ ಇರುವ ಅಗಲದ ಮಿತಿ 2.6 ಮೀಟರ್, ಅಂದರೆ ಎಂಟೂವರೆ ಅಡಿ. ಅದನ್ನು ಮೀರಿದ ಸರಕಿಗೆ ವಿಶೇಷ ಅನುಮತಿ ಬೇಕು. ಹೊನ್ನಾವರದಿಂದ ಗೇರುಸೊಪ್ಪೆ ಹತ್ತಿ ಬರುವ ರಸ್ತೆಯ ತಿರುವುಗಳಲ್ಲಿ ಎರಡು ಬಸ್ಸುಗಳು ಎದುರಾದಾಗ ಏನಾಗುತ್ತದೆಂದು ತಾವು ಬಲ್ಲಿರಿ, ಆಗುಂಬೆಯ ಮಾತಂತೂ ಬೇಡವೇ ಬೇಡ. ಅಂಕೋಲಾದಿಂದ ಅರಬೈಲು ಘಾಟಿ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಹಾವೇರಿ ಸುತ್ತಿ ಬರಬೇಕಾದೀತು. ಹಾಗೆ ಬಂದರೂ ಮೇಲಂತಸ್ತನ್ನು ಬಿಚ್ಚದೆ ಹಳ್ಳಿ ರಸ್ತೆಯ ವಿದ್ಯುತ್ ತಂತಿಗಳ ಕೆಳಗೆ ನುಸುಳಲಾಗದು. ಒಂಬತ್ತು ಹತ್ತು ಟನ್ ತೂಗುವ ಯಾಟನ್ನು ಕ್ರೇನಿನಿಂದ ಎತ್ತಿ ನೀರಿಗೆ ಬಿಡಲು ಗಟ್ಟಿ ನೆಲದ ದಡ ಬೇಕು. ಬೇಸಿಗೆಯಲ್ಲಿ ನೀರು ನೂರಾರು ಮೀಟರ್ ಹಿಂದೆ ಸರಿದು ನಡುವೆ ಕೆಸರು ಉಳಿದಾಗ ಅದೇ ಕ್ರೇನ್ ಯಾಟಿನ ಹತ್ತಿರವೂ ಸುಳಿಯಲಾರದು.

ಅತಿಥಿಗಳನ್ನು ಹಣ ಪಡೆದು ಕರೆದೊಯ್ಯುವ ಯೋಚನೆ ಇದಕ್ಕಿಂತ ಗಂಭೀರವಾದದ್ದು. 1917ರ ಹಳೆಯ ಕಾಯಿದೆಯ ಜಾಗದಲ್ಲಿ ಬಂದಿರುವ 2021ರ ಒಳನಾಡು ಜಲನೌಕೆಗಳ ಕಾಯಿದೆಯಂತೆ ಯಂತ್ರಚಾಲಿತ ನೌಕೆಗೆ ಸರ್ವೆ (ನೌಕೆಯ ಸ್ಥಿತಿಯ ಪರಿಶೀಲನೆ), ನೋಂದಣಿ, ವಿಮೆ ಮೂರೂ ಬೇಕು, ನಡೆಸುವವರಿಗೆ ಅರ್ಹತಾಪತ್ರ ಬೇಕು. ಒಂದು ರಾಜ್ಯದ ನೋಂದಣಿ ದೇಶದಾದ್ಯಂತ ನಡೆಯುತ್ತದೆ. ಆದರೆ ಅದೊಂದನ್ನೇ ಹಿಡಿದು ಜಲಾಶಯಕ್ಕೆ ಇಳಿಯಬಹುದೆಂದು ತಿಳಿಯಬಾರದು. ಜಲಾಶಯ ವಿದ್ಯುತ್ ನಿಗಮದ್ದು, ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದ್ದು. ಆ ಒಪ್ಪಿಗೆಗಳು ಬರಹದಲ್ಲಿ ಕೈಗೆ ಬರುವ ಮೊದಲು ಮುಂಗಡದ ಒಂದು ರೂಪಾಯಿಯನ್ನೂ ಕೊಡಬಾರದು. ಮೇಲಂತಸ್ತಿರುವ ಯಾಟ್ ಹತ್ತು ಹನ್ನೆರಡು ಮಂದಿಯ ಕುಟುಂಬಕ್ಕಾಗಿ ರೂಪುಗೊಂಡದ್ದು. ಇಪ್ಪತ್ತು ಮಂದಿ ಪ್ರವಾಸಿಗಳು ಏರಿ, ಫೋಟೊ ತೆಗೆಯಲೆಂದು ಎಲ್ಲರೂ ಮೇಲೆ ಹತ್ತಿ ಒಂದೇ ಬದಿಗೆ ಸರಿದರೆ ಅದರ ತೂಕದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ತೀರಿಕೊಂಡದ್ದು ಸಮುದ್ರದಲ್ಲಲ್ಲ, ನಮ್ಮದರಂಥದೇ ಒಂದು ಜಲಾಶಯದಲ್ಲಿ.

ಕಡಲಿನಲ್ಲೇ ಇಟ್ಟುಕೊಳ್ಳುವುದಾದರೆ ಪರಿಶೀಲನೆಯ ಕ್ರಮ ಹೀಗಿರಲಿ. ಬೆಲೆ ಒಪ್ಪುವಾಗಲೇ, ತಾವು ನೇಮಿಸುವ ಸರ್ವೇಯರ್, ಅಂದರೆ ದೋಣಿಯ ಸ್ಥಿತಿ ಪರೀಕ್ಷಿಸುವ ತಜ್ಞರು, ನೋಡಿ ಒಪ್ಪಿದರೆ ಮಾತ್ರ ವ್ಯಾಪಾರ, ಇಲ್ಲವಾದರೆ ಮುಂಗಡ ಹಿಂದಕ್ಕೆ ಎಂದು ಬರೆಸಿಕೊಳ್ಳಿ. ಮಾರುವವರು ಸೂಚಿಸುವ ಸರ್ವೇಯರ್ ಬೇಡ. ಯಾಟನ್ನು ನೀರಿನಿಂದ ಮೇಲೆತ್ತಿಸದೆ ನೋಡುವುದು ಜೀಪಿನ ಬಾನೆಟ್ ತೆರೆಯದೆ ನೋಡಿದಂತೆ. ಹಿಂದೊಮ್ಮೆ ಒಬ್ಬ ಸರ್ವೇಯರ್ ಜತೆಗೆ ಇಂಥ ಒಂದು ಯಾಟಿನ ತಳದಡಿ ಅರ್ಧ ದಿನ ಕಳೆದಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ, ಗೇಣಿಗೊಂದು ಪೆಟ್ಟು. ಮುಂಭಾಗದಿಂದ ‘ಟಕ್ ಟಕ್’ ಎಂದು ಒಂದೇ ಸ್ವರದಲ್ಲಿ ಬರುತ್ತಿದ್ದ ಸದ್ದು ಎಂಜಿನ್ ಕೂರುವ ಜಾಗದ ಕೆಳಗೆ ಬಂದಾಗ, ಹಲಸಿನ ಹಣ್ಣನ್ನು ತಟ್ಟಿದಂತೆ, ‘ದಬ್’ ಎಂದು ಇಳಿಯಿತು. ಅವರು ಏನನ್ನೂ ಹೇಳದೆ ಸೀಮೆಸುಣ್ಣದಿಂದ ಅಲ್ಲೊಂದು ವೃತ್ತ ಬರೆದು ಮುಂದೆ ಸರಿದರು. ಸಂಜೆಯ ಹೊತ್ತಿಗೆ ವೃತ್ತಗಳು ಹದಿನೇಳಾಗಿದ್ದವು. ಫೈಬರ್ ಪದರಗಳು ಒಳಗೆ ಬಿಟ್ಟುಕೊಂಡಿದ್ದವು, ಹೊರಗಿನ ಬಣ್ಣ ಮಾತ್ರ ಕನ್ನಡಿಯಂತಿತ್ತು. ಸಾಸಿವೆಯಷ್ಟರಿಂದ ನಿಂಬೆಯಷ್ಟರವರೆಗಿನ ಗುಳ್ಳೆಗಳನ್ನೂ ನೋಡಬೇಕು. ಒಡೆದರೆ ವಿನೆಗರಿನ ವಾಸನೆಯ ದ್ರವ ಒಸರುವ ಈ ಗುಳ್ಳೆಗಳು ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಹೆಚ್ಚು ಏಳುತ್ತವೆ ಎಂಬುದು ಹಿನ್ನೀರಿನ ಆಸೆ ಬಿಡಲು ಇನ್ನೊಂದು ಕಾರಣ. ತಳದ ಲೋಹಗಳನ್ನು ಕಾಪಾಡಲು ತೂಗುಹಾಕುವ ಸತುವಿನ ತುಂಡುಗಳೂ ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಲ್ಲಿ ಮೆಗ್ನೀಸಿಯಂ ಬೇಕು.

ಎಂಜಿನ್‌ಗಳನ್ನು ಜೋಡಿಯಾಗಿಯೇ ನೋಡಬೇಕು, ಏಕೆಂದರೆ ಒಂದರ ದೋಷವನ್ನು ಹೇಳಿಕೊಡುವುದು ಇನ್ನೊಂದೇ. ತಾವು ಹೋಗುವ ಹೊತ್ತಿಗೆ ಅವು ತಣ್ಣಗಿರಬೇಕು. ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಮೊದಲೇ ಓಡಿಸಿ ಸಿದ್ಧಮಾಡಿದ್ದಾರೆಂದು ತಿಳಿದು ಇನ್ನೊಂದು ದಿನ ಬರುವುದಾಗಿ ಹೇಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಸ್ವಲ್ಪ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಕಂಪ್ರೆಶನ್ ಕುಗ್ಗಿರಬಹುದು ಅಥವಾ ಕೂಲಿಂಗ್ ನೀರು ಸಿಲಿಂಡರಿಗೆ ಸೇರುತ್ತಿರಬಹುದು. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಹೊರೆ ಬಿದ್ದಾಗ ದಟ್ಟ ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಪ್ರೊಪೆಲ್ಲರಿನ ಭಾರ ಹೆಚ್ಚಾಗಿದೆ. ಬಳಿಕ ಕಡಲಿಗೆ ಒಯ್ದು ಎರಡನ್ನೂ ಪೂರ್ತಿ ಥ್ರಾಟಲಿನಲ್ಲಿ ಕೆಲವು ನಿಮಿಷ ಓಡಿಸಬೇಕು. ತಯಾರಕರು ಹೇಳಿದ ನಿಮಿಷದ ಸುತ್ತುಗಳನ್ನು (ಆರ್‌ಪಿಎಂ) ಎರಡೂ ಮುಟ್ಟುತ್ತವೆಯೇ, ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯೇ ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಎರಡೂ ಕಡಿಮೆ ಸುತ್ತಿದರೆ ತಳದಲ್ಲಿ ಚಿಪ್ಪು ಬೆಳೆದಿರಬಹುದು. ಒಂದು ಮಾತ್ರ ಸೋತರೆ ಆ ಎಂಜಿನ್ನೇ ಸೋತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಹೊಗೆಗೂ ಕೂಲಿಂಗ್ ನೀರಿಗೂ ಒಂದೇ ದಾರಿಯಾಗುವ ಬಾಗುಕೊಳವೆಯನ್ನು ಬಿಚ್ಚಿಸಿ ನೋಡಲು ಮರೆಯಬೇಡಿ. ಉಪ್ಪುನೀರು ಅದನ್ನು ಒಳಗಿನಿಂದ ತಿನ್ನುತ್ತದೆ, ಅದು ತೂತಾದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಎರಡೂ ಎಂಜಿನ್ ಮತ್ತು ಎರಡೂ ಗೇರ್‌ಬಾಕ್ಸಿನ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಅದರಲ್ಲಿ ಸೋಡಿಯಂ ಕಂಡರೆ ಕಡಲ ನೀರು ಒಳಹೊಕ್ಕಿರುವ ಸಾಧ್ಯತೆ ಬಲವಾಗಿದೆ. ಜನರೇಟರ್, ಎಸಿ, ಒಳಗಿನ ಮೆತ್ತೆಗಳ ಬಗ್ಗೆ ನಾನು ಬರೆಯುವುದಿಲ್ಲ. ಅವನ್ನು ಮಾರುವವರೇ ತೋರಿಸುತ್ತಾರೆ.

ಕಾಗದಪತ್ರಗಳಲ್ಲಿ ನೋಂದಣಿ, ಬ್ಯಾಂಕಿನ ಸಾಲ ತೀರಿದ ಪತ್ರ, ಯಾಟ್ ವಿದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ, ಈ ಮೂರನ್ನು ಮೂಲಪ್ರತಿಯಲ್ಲೇ ನೋಡಿ. ಮಳೆಗಾಲದಲ್ಲಿ ಯಾಟನ್ನು ಎಲ್ಲಿ ಮೇಲೆತ್ತಿ ಇಡುತ್ತೀರಿ, ಅದಕ್ಕೆ ಬಾಡಿಗೆ ಎಷ್ಟು ಎಂಬುದನ್ನೂ ಖರೀದಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಿನ್ನೀರಿಗೇ ದೋಣಿ ಬೇಕೆನಿಸಿದರೆ, ಚಪ್ಪಟೆ ತಳದ, ದೋಣಿಯ ಹಿಂತುದಿಗೆ ಹೊರಗಿನಿಂದ ಕೂರಿಸಿದ, ಬೊಡ್ಡೆ ತಾಗಿದಾಗ ಮೇಲಕ್ಕೆ ಮಡಚಿಕೊಳ್ಳುವ ಔಟ್‌ಬೋರ್ಡ್ ಎಂಜಿನ್‌ನ, ಟ್ರಾಕ್ಟರಿನಲ್ಲಿ ಮನೆಗೆ ಎಳೆದು ತರಬಹುದಾದ ಹದಿನೆಂಟು ಇಪ್ಪತ್ತು ಅಡಿಯದನ್ನು ನೋಡಿ. ಒಪ್ಪಿಗೆಗಳು ಅದಕ್ಕೂ ಬೇಕು.

ಪ್ರಶ್ನೆ: ಮಂಗಳೂರಿನ ಪರಿಚಿತರೊಬ್ಬರು ಹದಿಮೂರು ವರ್ಷ ಹಳೆಯದಾದ ಜೋಡಿ ಡೀಸೆಲ್ ಎಂಜಿನ್‌ನ ಯಾಟನ್ನು ಮಾರುತ್ತಿದ್ದಾರೆ. ಗಂಟೆ ಮೀಟರಿನಲ್ಲಿ ಒಂದು ಎಂಜಿನ್ 340 ಗಂಟೆ, ಇನ್ನೊಂದು 610 ಗಂಟೆ ತೋರಿಸುತ್ತಿದೆ. ಇಷ್ಟು ಕಡಿಮೆ ಓಡಿರುವುದು ಒಳ್ಳೆಯದಲ್ಲವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಒಳ್ಳೆಯದಲ್ಲ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್ ಹಲವು ಸಾವಿರ ಗಂಟೆ ದುಡಿಯಬಲ್ಲುದು. ಅದಕ್ಕೆ ದುಡಿಮೆಗಿಂತ ನಿಂತಿರುವುದೇ ಹೆಚ್ಚು ಕೇಡು. ವರ್ಷಕ್ಕೆ ಇಪ್ಪತ್ತಾರು ಗಂಟೆ ಮಾತ್ರ ಓಡಿದ ಎಂಜಿನ್‌ನಲ್ಲಿ ರಬ್ಬರ್ ಸೀಲುಗಳು ಒಣಗಿರುತ್ತವೆ, ನೀರಿನ ಪಂಪಿನ ರಬ್ಬರ್ ಚಕ್ರ ಸೆಟೆದಿರುತ್ತದೆ, ಸಿಲಿಂಡರಿನ ಗೋಡೆಗೆ ತುಕ್ಕಿನ ಪೊರೆ ಹಿಡಿದಿರಬಹುದು. ಆದರೆ ನನ್ನನ್ನು ಕಾಡುತ್ತಿರುವುದು ಆ 270 ಗಂಟೆಗಳ ವ್ಯತ್ಯಾಸ. ಜೋಡೆತ್ತಿನಂತೆ ಒಟ್ಟಿಗೇ ಹೂಡುವ ಎಂಜಿನ್‌ಗಳ ಗಂಟೆಗಳು ಹೆಚ್ಚುಕಡಿಮೆ ಸಮನಾಗಿರಬೇಕು. ಒಂದರ ಮೀಟರ್ ಕೆಟ್ಟು ಬದಲಾಗಿರಬಹುದು, ಡೀಸೆಲ್ ಉಳಿಸಲೆಂದು ಒಂದನ್ನೇ ಓಡಿಸಿರಬಹುದು, ಅಥವಾ ಒಂದು ಕೆಟ್ಟು ತಿಂಗಳುಗಟ್ಟಲೆ ನಿಂತಿರಬಹುದು. ಮೊದಲಿನ ಎರಡಕ್ಕೆ ಮಾರುವವರು ಕೂಡಲೇ ಉತ್ತರ ಕೊಡುತ್ತಾರೆ, ಮೂರನೆಯದಾದರೆ ಮಾತು ತಿರುಗಿಸುತ್ತಾರೆ. ರಿಪೇರಿ ಬಿಲ್ಲುಗಳನ್ನು ದಿನಾಂಕವಾರು ಜೋಡಿಸಿ ಕೊಡುವಂತೆ ಕೇಳಿ. ಪರಿಚಿತರೆಂಬ ಸಂಕೋಚದಿಂದ ಕೇಳದೆ ಬಿಟ್ಟರೆ, ಆಮೇಲೆ ಆ ಸ್ನೇಹವೂ ಉಳಿಯುವುದಿಲ್ಲ.

ಪ್ರಶ್ನೆ: ಇದೇ ಅಳತೆಯ ಪೆಟ್ರೋಲ್ ಜೋಡಿ ಎಂಜಿನ್‌ನ ಯಾಟ್ ಅರ್ಧ ಬೆಲೆಗೆ ಸಿಗುತ್ತಿದೆ. ಅದನ್ನು ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಾನಾದರೆ ತೆಗೆದುಕೊಳ್ಳುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗದೆ ಎಂಜಿನ್ ಕೆಳಗಿನ ತಗ್ಗಿನಲ್ಲಿ ನಿಂತು ಒಂದು ಕಿಡಿಗಾಗಿ ಕಾಯುತ್ತದೆ. ಒಳಗೆ ಎಂಜಿನ್ ಇರುವ ಪೆಟ್ರೋಲ್ ದೋಣಿಯಲ್ಲಿ ಪ್ರತಿ ಬಾರಿ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷವಾದರೂ ಆವಿಯನ್ನು ಹೊರಗೆ ತಳ್ಳುವ ಬ್ಲೋವರ್ ಓಡಿಸಿ, ಮುಚ್ಚಳ ತೆರೆದು ಮೂಸಿ ನೋಡಬೇಕೆಂಬುದು ಅದಕ್ಕಾಗಿಯೇ. ಕೊಂಡೇ ಕೊಳ್ಳುವುದಾದರೆ ಇಂಧನದ ಪೈಪುಗಳನ್ನೂ ಟ್ಯಾಂಕುಗಳನ್ನೂ ಪೂರ್ತಿ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ, ಮತ್ತು ವಿಮೆಯವರು ಎಷ್ಟು ಕೇಳುತ್ತಾರೆಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ.